ಕಮಟು ಎಣ್ಣೆಯಿಂದ ಕ್ಯಾಪ್ಸೂಲ್‌ವರೆಗೆ: ಆಂಟಿಆಕ್ಸಿಡೆಂಟ್ ಎಂಬ ಪದದ ನೂರು ವರ್ಷ

1956 ಅಂದ ಕೂಡಲೇ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ನವೆಂಬರ್ 1. ಹೈದರಾಬಾದ್ ರಾಜ್ಯ ಒಡೆದು, ಆಗಿನ ರಾಯಚೂರು ಜಿಲ್ಲೆಯಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ ದಿನ ಅದು. (ನಮಗೆ ನಮ್ಮದೇ ಒಂದು ಜಿಲ್ಲೆ ಅಂತ ಸಿಕ್ಕಿದ್ದು 1997ರಲ್ಲಿ, ಅದು ಬೇರೆ ಕಥೆ ಬಿಡಿ.) ಅದೇ 1956ರ ಜುಲೈ ತಿಂಗಳಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಮೂರೇ ಮೂರು ಪುಟದ ಒಂದು ಲೇಖನ ಅಚ್ಚಾಯಿತು. ಬರೆದವರು ಡೆನ್ಹಮ್ ಹರ್ಮನ್. ಮನುಷ್ಯನಿಗೆ ಮುಪ್ಪು ಯಾಕೆ ಬರುತ್ತದೆ ಎಂಬುದಕ್ಕೆ ಅವರು ಅದರಲ್ಲಿ ಒಂದು ಕಾರಣ ಕೊಟ್ಟಿದ್ದರು.

ಇವೆರಡಕ್ಕೂ ಏನು ಸಂಬಂಧ ಅಂತ ಕೇಳಬಹುದು. ಆಗ ಏನೂ ಇರಲಿಲ್ಲ. ಆದರೆ ಇವತ್ತು ನಮ್ಮ ತಾಲ್ಲೂಕುಗಳ ಸಂತೆಪೇಟೆಯಲ್ಲಿ, ಮದುವೆ ಮನೆಯ ಪಡಸಾಲೆಯಲ್ಲಿ, ರಿಟೈರ್ ಆದ ಮೇಷ್ಟರ ವಾಟ್ಸಾಪ್‌ನಲ್ಲಿ "ನ್ಯಾಚುರಲ್ ಆಂಟಿಆಕ್ಸಿಡೆಂಟ್" ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಡಿ, ಜ್ಯೂಸು, ಕ್ಯಾಪ್ಸೂಲುಗಳ ಮೂಲ ಹುಡುಕುತ್ತಾ ಹೋದರೆ ಆ ಮೂರು ಪುಟಕ್ಕೇ ಬಂದು ನಿಲ್ಲುತ್ತೇವೆ. ಆ ಲೇಖನ ಬಂದು ಎಪ್ಪತ್ತು ವರ್ಷದ ಹತ್ತಿರವಾಯಿತು. ಆಮೇಲೆ ಏನೇನಾಯಿತು ಎಂಬ ಕಥೆ ಮಾತ್ರ ಮಾರುವವರ ಬಾಯಲ್ಲಿ ಬರುವುದಿಲ್ಲ. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ, ಬೆಂಗಳೂರಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ನನ್ನೂರು ಯಲಬುರ್ಗಾ ತಾಲ್ಲೂಕು, ಅವ್ವನ ತವರು ಗಂಗಾವತಿ, ಅಕ್ಕನನ್ನು ಕೊಟ್ಟಿರುವುದು ಕುಷ್ಟಗಿಗೆ. ಹಾಗಾಗಿ ಈ ವಿಷಯ ನನಗೆ ಬರೀ ಪುಸ್ತಕದ ವಿಷಯ ಅಲ್ಲ.

ಅಗಸಿ ಹಿಂಡಿಯ ವಿಜ್ಞಾನ

ಆಂಟಿಆಕ್ಸಿಡೆಂಟ್ ಅಂದರೆ ಏನು ಅಂತ ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ, ನಮ್ಮ ಅಡುಗೆಮನೆ ಸಾಕು. ಹೆಚ್ಚಿದ ಬದನೆಕಾಯಿಯನ್ನು ನೀರಿನಲ್ಲಿ ಹಾಕದೆ ಬಿಟ್ಟರೆ ಕಪ್ಪಾಗುತ್ತದೆ. ಹೊಲದಲ್ಲಿ ಬಿಟ್ಟ ಕುಡಗೋಲು ತುಕ್ಕು ಹಿಡಿಯುತ್ತದೆ. ಅಗಸಿ ಹಿಂಡಿಯನ್ನು (ಬೆಂಗಳೂರಿನವರಿಗೆ: ಅಗಸೆ ಚಟ್ನಿಪುಡಿ) ನಮ್ಮ ಅವ್ವ ಯಾವತ್ತೂ ತಿಂಗಳುಗಟ್ಟಲೆಗೆ ಕುಟ್ಟಿ ಇಡುವುದಿಲ್ಲ, ಇಟ್ಟರೆ ಕಮಟು ವಾಸನೆ ಬರುತ್ತದೆ. ಇವು ಮೂರೂ ಗಾಳಿಯಲ್ಲಿರುವ ಆಮ್ಲಜನಕದ ಕೆಲಸ. ಅದರಲ್ಲೂ ಎಣ್ಣೆ ಕಮಟಾಗುವುದು ಸ್ವಲ್ಪ ವಿಶೇಷ. ಅದು ಒಂದೇ ಸಲ ಆಗಿ ಮುಗಿಯುವ ಕ್ರಿಯೆಯಲ್ಲ, ಸರಪಳಿಯ ಹಾಗೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತಾ ಹೋಗುವಂಥದ್ದು.

ಗವಿಮಠದ ಜಾತ್ರೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ತನ್ನ ಚಪ್ಪಲಿ ಕಳೆದುಕೊಳ್ಳುತ್ತಾನೆ. ಬರಿಗಾಲಲ್ಲಿ ಹೋಗುವುದು ಹೇಗೆ ಅಂತ ಪಕ್ಕದವನ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ. ಆ ಪಕ್ಕದವನು ಬಂದು ನೋಡಿ ಇನ್ನೊಬ್ಬನದ್ದನ್ನು ಮೆಟ್ಟುತ್ತಾನೆ. ಹೀಗೆ ಸಂಜೆಯ ಹೊತ್ತಿಗೆ ನೂರು ಜನರ ಚಪ್ಪಲಿ ಅದಲು ಬದಲಾಗಿರುತ್ತದೆ! ಇಲ್ಲಿ ಚಪ್ಪಲಿ ಕಳೆದುಕೊಂಡವನೇ ಫ್ರೀ ರ‍್ಯಾಡಿಕಲ್, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡು ಪಕ್ಕದ ಅಣುವಿನಿಂದ ಒಂದನ್ನು ಕಸಿದುಕೊಳ್ಳುವ ಅಣು. ಇನ್ನು ಆಂಟಿಆಕ್ಸಿಡೆಂಟ್ ಯಾರು? "ನನ್ನ ಚಪ್ಪಲಿ ತಗೊಳ್ಳಪ್ಪ, ನನಗೆ ಬರಿಗಾಲಲ್ಲಿ ನಡೆದು ರೂಢಿಯಿದೆ" ಎಂದು ಕೊಟ್ಟು ಸುಮ್ಮನೆ ಮನೆಗೆ ಹೋಗುವ ಪುಣ್ಯಾತ್ಮ. ಅವನಿಂದಾಗಿ ಸರಪಳಿ ಅಲ್ಲಿಗೆ ನಿಲ್ಲುತ್ತದೆ.

ಇಂಥ ಒಂಟಿ ಎಲೆಕ್ಟ್ರಾನಿನ ಅಣು ಇರಬಲ್ಲದು ಎಂದು 1900ರಲ್ಲಿ ತೋರಿಸಿದವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮೋಸೆಸ್ ಗೋಂಬರ್ಗ್. ಸರಪಳಿ ನಿಲ್ಲಿಸುವ ಪುಣ್ಯಾತ್ಮರು ಸಿಕ್ಕಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಫ್ರಾನ್ಸ್ ದೇಶ ಅಕ್ರೋಲಿನ್ ಎಂಬ ಕಣ್ಣುರಿಸುವ ರಾಸಾಯನಿಕವನ್ನು ಯುದ್ಧದಲ್ಲಿ ಬಳಸಲು ಹೊರಟಿತ್ತು. ಆದರೆ ಅದು ಇಟ್ಟಲ್ಲೇ ಕೆಡುತ್ತಿತ್ತು. ಕೆಡದಂತೆ ಮಾಡುವ ಕೆಲಸ ಶಾರ್ಲ್ ಮೂರೂ ಮತ್ತು ಶಾರ್ಲ್ ಡ್ಯುಫ್ರೆಸ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರ ಪಾಲಿಗೆ ಬಂತು. ಫೀನಾಲ್ ಜಾತಿಯ ಕೆಲವು ವಸ್ತುಗಳನ್ನು ಚಿಟಿಕೆಯಷ್ಟು ಬೆರೆಸಿದರೂ ಸಾಕು, ಆಮ್ಲಜನಕದ ಆಟ ನಿಲ್ಲುತ್ತದೆ ಎಂದು ಅವರು ಕಂಡುಕೊಂಡರು. 1920ರ ದಶಕದ ಆರಂಭದಲ್ಲಿ ಇಂಥ ವಸ್ತುಗಳಿಗೆ ಫ್ರೆಂಚಿನಲ್ಲಿ "ಆಂಟಿಆಕ್ಸಿಜನ್" ಎಂಬ ಅರ್ಥದ ಹೆಸರಿಟ್ಟರು. ಲಾರಿಯ ಟೈರು ಬಿರಿಯದಿರಲಿ ಅಂತ ರಬ್ಬರಿಗೆ ಬೆರೆಸುವುದೂ ಇದೇ ಜಾತಿಯ ವಸ್ತು.

ಅಂದರೆ ಆಂಟಿಆಕ್ಸಿಡೆಂಟ್ ಹುಟ್ಟಿದ್ದು ಔಷಧಿ ಅಂಗಡಿಯಲ್ಲಲ್ಲ, ಗೋದಾಮಿನಲ್ಲಿ. ಡಬ್ಬಿಯಲ್ಲಿಟ್ಟ ಸಾಮಾನು ಕೆಡದಿರಲಿ ಅಂತ. ನಂಬಿಕೆ ಬರದಿದ್ದರೆ ಮನೆಯಲ್ಲಿರುವ ಅಡುಗೆ ಎಣ್ಣೆಯ ಅಥವಾ ಕುರುಕಲು ತಿಂಡಿಯ ಪ್ಯಾಕೆಟ್ ತಿರುಗಿಸಿ ನೋಡಿ. ಬಹಳಷ್ಟು ಪ್ಯಾಕೆಟ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ "ಆಂಟಿಆಕ್ಸಿಡೆಂಟ್, ಐಎನ್‌ಎಸ್ 319" ಎಂದಿರುತ್ತದೆ. ಅದು ನಿಮ್ಮ ಆರೋಗ್ಯಕ್ಕಾಗಿ ಹಾಕಿದ್ದಲ್ಲ, ಎಣ್ಣೆ ಕಮಟಾಗದಿರಲಿ ಅಂತ ಹಾಕಿದ್ದು. ಒಂದೇ ಪದ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿದ್ದರೆ ಕೆಮಿಕಲ್ ಅಂತ ಹೆದರುತ್ತೇವೆ, ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿದ್ದರೆ ಅಮೃತ ಅಂತ ಕುಡಿಯುತ್ತೇವೆ :)

ಡಬ್ಬಿಯಿಂದ ದೇಹಕ್ಕೆ

ಡಬ್ಬಿಯಿಂದ ದೇಹಕ್ಕೆ ಈ ಪದ ಹಾರಿದ್ದು ಹೇಗೆ? ಅದಕ್ಕೆ ವಿಟಮಿನ್‌ಗಳು ಸೇತುವೆಯಾದವು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್, ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿಯಂಥ ಕಾಯಿಲೆ ಬರುವುದನ್ನೂ ತೌಡು ಹಾಕಿದರೆ ಗುಣವಾಗುವುದನ್ನೂ ಕಂಡರು. 1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ ವಿಟಮಿನ್ ಅಂತ ಹೆಸರು ಕೊಟ್ಟರು. 1922ರಲ್ಲಿ ವಿಟಮಿನ್ ಇ ಪತ್ತೆಯಾಯಿತು. 1928ರಲ್ಲಿ ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಪ್ರತ್ಯೇಕಿಸಿದ ಒಂದು ಆಮ್ಲ ಮುಂದೆ ವಿಟಮಿನ್ ಸಿ ಎಂದು ಗೊತ್ತಾಯಿತು. ಅದನ್ನು ಅವರು ಹೇರಳವಾಗಿ ತೆಗೆದದ್ದು ದೊಣ್ಣೆ ಮೆಣಸಿನಕಾಯಿ ಜಾತಿಯ ಪ್ಯಾಪ್ರಿಕಾದಿಂದ. ಐಕ್‌ಮನ್‌ಗೆ 1929ರಲ್ಲಿ, ಸೆಂಟ್-ಗ್ಯೋರ್ಗಿಗೆ 1937ರಲ್ಲಿ ನೊಬೆಲ್ ಬಂತು. ಈ ಸಿ ಮತ್ತು ಇ ಎರಡಕ್ಕೂ ಆಮ್ಲಜನಕದ ಸರಪಳಿ ನಿಲ್ಲಿಸುವ ಗುಣ ಇರುವುದು ಗೊತ್ತಾದ ಮೇಲೆ, ಡಬ್ಬಿಯಲ್ಲಿ ಎಣ್ಣೆ ಕಾಯುವುದು ದೇಹದಲ್ಲಿ ನಮ್ಮನ್ನೂ ಕಾಯಬಹುದು ಎಂಬ ಯೋಚನೆ ಹುಟ್ಟಿತು.

ಇನ್ನು ಹರ್ಮನ್. ಅವರು ಮೊದಲು ಶೆಲ್ ಎಣ್ಣೆ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು, ಅಲ್ಲಿ ಫ್ರೀ ರ‍್ಯಾಡಿಕಲ್‌ಗಳ ಮೇಲೆ ಕೆಲಸ ಮಾಡಿದ್ದರು. ಹೆಂಡತಿ ತೋರಿಸಿದ ಒಂದು ಮಹಿಳಾ ಪತ್ರಿಕೆಯ ಲೇಖನ ಓದಿ ಮುಪ್ಪಿನ ಬಗ್ಗೆ ಕುತೂಹಲ ಹುಟ್ಟಿ, ಕೆಲಸ ಬಿಟ್ಟು ಮೆಡಿಕಲ್ ಓದಿದರು! ಉಸಿರಾಡುವ ಆಮ್ಲಜನಕವೇ ನಮ್ಮ ಜೀವಕೋಶದೊಳಗೆ ಫ್ರೀ ರ‍್ಯಾಡಿಕಲ್ ಹುಟ್ಟಿಸುತ್ತದೆ, ಅವು ಸ್ವಲ್ಪ ಸ್ವಲ್ಪವಾಗಿ ದೇಹವನ್ನು ಕೆಡಿಸುವುದೇ ಮುಪ್ಪು ಎಂಬುದು ಅವರ ಊಹೆ. 1969ರಲ್ಲಿ ಜೋ ಮೆಕ್‌ಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ ನಮ್ಮ ದೇಹದಲ್ಲಿ ಇಂಥ ರ‍್ಯಾಡಿಕಲ್‌ಗಳನ್ನು ನಿಗ್ರಹಿಸಲೆಂದೇ ಇರುವ ಒಂದು ಕಿಣ್ವ ಕಂಡುಹಿಡಿದಾಗ ಹರ್ಮನ್ ಮಾತಿಗೆ ಬಲ ಬಂತು. ದೇಹವೇ ಕಾವಲುಗಾರನನ್ನು ಇಟ್ಟಿದೆ ಎಂದರೆ ಕಳ್ಳ ಇರಲೇಬೇಕಲ್ಲ?

ಮರುವರ್ಷ, 1970ರಲ್ಲಿ, ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ಪುಸ್ತಕ ಬರೆದರು. ಗ್ರಾಂಗಟ್ಟಲೆ ವಿಟಮಿನ್ ಸಿ ತಿಂದರೆ ನೆಗಡಿ ಬರುವುದಿಲ್ಲ ಎಂದರು, ಆಮೇಲೆ ಕ್ಯಾನ್ಸರಿಗೂ ಆಗುತ್ತದೆ ಎಂದರು. ಮೇಯೋ ಕ್ಲಿನಿಕ್ 1979 ಮತ್ತು 1985ರಲ್ಲಿ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿ, ಉಪಯೋಗವಿಲ್ಲ ಎಂದು ಪ್ರಕಟಿಸಿತು. ಅಷ್ಟು ಹೊತ್ತಿಗೆ ಮಾತ್ರೆಯ ಮಾರುಕಟ್ಟೆ ಎದ್ದು ನಿಂತಾಗಿತ್ತು. ಅಂದ ಹಾಗೆ ನಮಗೆ ದಿನಕ್ಕೆ ಬೇಕಿರುವ ವಿಟಮಿನ್ ಸಿ 100 ಮಿಲಿಗ್ರಾಂ ಒಳಗೇ. 100 ಗ್ರಾಂ ಪೇರಲ ಹಣ್ಣಿನಲ್ಲಿ 200 ಮಿಲಿಗ್ರಾಂ ಆಸುಪಾಸು ಇರುತ್ತದೆ.

ಗಂಗಾವತಿಯ ತೌಡು

ಈಗ ನಮ್ಮೂರಿನ ಕಡೆ ಬರೋಣ. ನಮ್ಮ ನೆಲದ ಎರಡು ಬೆಳೆಗಳು ಈ ಕಥೆಯೊಳಗೆ ನೇರವಾಗಿ ಬರುತ್ತವೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಗಂಗಾವತಿಯ ಸೀಮೆ ಭತ್ತದ ಸೀಮೆಯಾಯಿತು. ಆಂಧ್ರದಿಂದ ಬಂದ ರೈತರು ನೆಲೆನಿಂತ ಕ್ಯಾಂಪುಗಳು ಎದ್ದವು, ಸಾಲುಸಾಲಾಗಿ ರೈಸ್ ಮಿಲ್‌ಗಳು ಬಂದವು, ಸೋನಾ ಮಸೂರಿ ಮನೆಮಾತಾಯಿತು. ಅಕ್ಕಿ ಎಷ್ಟು ಬೆಳ್ಳಗಿದ್ದರೆ ಅಷ್ಟು ರೇಟು. ಬೆಳ್ಳಗಾಗಲು ಉಜ್ಜಿ ತೆಗೆದ ಕಂದು ಪದರವೇ ತೌಡು. ನೂರು ಕಿಲೋ ಭತ್ತಕ್ಕೆ 5ರಿಂದ 8 ಕಿಲೋ ತೌಡು ಬರುತ್ತದೆ, ಅದು ಎಮ್ಮೆಯ ಬಾನಿಗೆ.

ಅಣೆಕಟ್ಟು ಮುಗಿದ ಮರುವರ್ಷ, ಸಾವಿರಾರು ಮೈಲಿ ದೂರದ ಜಪಾನಿನಲ್ಲಿ ಕನೆಕೊ ಮತ್ತು ಟ್ಸುಚಿಯಾ ಎಂಬ ವಿಜ್ಞಾನಿಗಳು ಅದೇ ತೌಡಿನ ಎಣ್ಣೆಯಿಂದ ಒಂದು ವಸ್ತು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಭತ್ತದ ಸಸ್ಯನಾಮ ಒರೈಜಾ, ಅದಕ್ಕೆ ಒರೈಜನಾಲ್ ಅಂತ ಹೆಸರಾಯಿತು. ಇದು ಒಳ್ಳೆಯ ಆಂಟಿಆಕ್ಸಿಡೆಂಟ್. ಕಚ್ಚಾ ತೌಡೆಣ್ಣೆಯಲ್ಲಿ ನೂರಕ್ಕೆ ಒಂದೆರಡು ಪಾಲು ಇರುತ್ತದೆ. ಇನ್ನೊಂದು ತಮಾಷೆ ನೋಡಿ, ಇಷ್ಟು ಒಳ್ಳೆಯ ಆಂಟಿಆಕ್ಸಿಡೆಂಟ್ ಇದ್ದರೂ ತೌಡು ಬಹಳ ಬೇಗ ಕೆಡುತ್ತದೆ! ಅಕ್ಕಿ ಉಜ್ಜುವಾಗಲೇ ಪದರದೊಳಗಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯ ಸಂಪರ್ಕಕ್ಕೆ ಬಂದು ಅದನ್ನು ಒಡೆಯಲು ಶುರು ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಹುಳಿ ಏರುತ್ತದೆ. ಅದಕ್ಕೇ ತೌಡನ್ನು ಬೇಗ ಎಣ್ಣೆ ಮಿಲ್ಲಿಗೆ ಮುಟ್ಟಿಸಬೇಕು, ಇಲ್ಲವೇ ಬಿಸಿ ಮಾಡಿ ಆ ಕಿಣ್ವವನ್ನು ಸಾಯಿಸಬೇಕು. ಒಂದು ಒಳ್ಳೆಯ ಅಣು ಇದ್ದ ಮಾತ್ರಕ್ಕೆ ಇಡೀ ವಸ್ತು ಕೆಡದೆ ಉಳಿಯುತ್ತದೆ ಎಂದೇನಿಲ್ಲ. ತೌಡಿನ ವಿಷಯದಲ್ಲೇ ಹೀಗಿರುವಾಗ ಮನುಷ್ಯನ ದೇಹದ ಮಾತೇನು?

ತೌಡೆಣ್ಣೆಗೆ ಕೊಲೆಸ್ಟ್ರಾಲನ್ನು ಸ್ವಲ್ಪ ಮಟ್ಟಿಗೆ ಇಳಿಸುವ ಗುಣ ಇರುವುದು ಪ್ರಯೋಗಗಳಲ್ಲಿ ಕಂಡಿದೆ, ಅಡುಗೆಗೆ ಒಳ್ಳೆಯ ಎಣ್ಣೆಯೇ. (ಆದರೆ ಕ್ಷಾರ ಹಾಕಿ ಶುದ್ಧ ಮಾಡುವ ಹಳೆಯ ವಿಧಾನದಲ್ಲಿ ಒರೈಜನಾಲ್‌ನ ಬಹುಪಾಲು ಹೊರಟುಹೋಗುತ್ತದೆ, ಬಿಸಿ ಹಬೆಯ ವಿಧಾನದಲ್ಲಿ ಹೆಚ್ಚು ಉಳಿಯುತ್ತದೆ.) ಅಷ್ಟಕ್ಕೇ ನಿಂತಿದ್ದರೆ ಸರಿ ಇತ್ತು. ಅಮೆರಿಕದಲ್ಲಿ ಇದೇ ಒರೈಜನಾಲ್ ಕ್ಯಾಪ್ಸೂಲಾಗಿ ಜಿಮ್ ಹುಡುಗರ ಕೈಗೆ ಬಂತು, ತಿಂದರೆ ಮೈಕಟ್ಟು ಬರುತ್ತದೆ ಎಂಬ ಮಾತಿನೊಂದಿಗೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಭಾರ ಎತ್ತಿ ಪಳಗಿದ 22 ಗಂಡಸರಲ್ಲಿ ಕೆಲವರಿಗೆ ದಿನಕ್ಕೆ 500 ಮಿಲಿಗ್ರಾಂನಂತೆ ಒಂಬತ್ತು ವಾರ ಅದನ್ನು ಕೊಟ್ಟರು, ಉಳಿದವರಿಗೆ ಬರೀ ಡಮ್ಮಿ ಗುಳಿಗೆ. ಎರಡೂ ಗುಂಪಿಗೆ ವ್ಯತ್ಯಾಸವೇ ಕಾಣಲಿಲ್ಲ. ನಮ್ಮ ಎಮ್ಮೆಗಳು ಮಾತ್ರ ತೌಡು ತಿಂದು ದಷ್ಟಪುಷ್ಟವಾಗಿಯೇ ಇವೆ!

ಕುಷ್ಟಗಿ, ಯಲಬುರ್ಗಾದ ದಾಳಿಂಬೆ

ನೀರಾವರಿಯ ಗಂಗಾವತಿ ಒಂದು ಲೋಕವಾದರೆ ಕುಷ್ಟಗಿ, ಯಲಬುರ್ಗಾ ಇನ್ನೊಂದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ ಬಂತು. ಇಂಥ ನೆಲಕ್ಕೆ ಹೊಂದಿಕೊಂಡ ಹಣ್ಣು ದಾಳಿಂಬೆ. ಬೋರ್‌ವೆಲ್, ಡ್ರಿಪ್ ಬಂದ ಮೇಲೆ ನಮ್ಮ ಕಡೆ ದಾಳಿಂಬೆ ತೋಟಗಳು ಹಬ್ಬಿದವು. ಮೊದಲು ಗಣೇಶ್ ತಳಿ, ಇದರ ಮೂಲ 1936ರಲ್ಲಿ ಪುಣೆಯ ಗಣೇಶಖಿಂಡದಲ್ಲಿ ಡಾ. ಜಿ. ಎಸ್. ಚೀಮಾ ಆಯ್ದ ಗಿಡ. ಕಾಳು ನಸುಗೆಂಪು, ಬೀಜ ಮೆತ್ತಗೆ. ಆಮೇಲೆ ಕಡುಗೆಂಪು ಕಾಳಿನ ಭಗವಾ ಬಂದು ಪೇಟೆಯನ್ನು ಆಳಿತು. ಆ ಕೆಂಪು ಬಣ್ಣ ಕೊಡುವುದು ಆಂಥೋಸಯಾನಿನ್, ಅದೂ ಒಂದು ಆಂಟಿಆಕ್ಸಿಡೆಂಟ್.

2000ದಲ್ಲಿ ಪ್ರಕಟವಾದ ಒಂದು ಅಧ್ಯಯನ, ದಾಳಿಂಬೆ ರಸದ ಆಂಟಿಆಕ್ಸಿಡೆಂಟ್ ಶಕ್ತಿ ಕೆಂಪು ವೈನ್ ಮತ್ತು ಗ್ರೀನ್ ಟೀಗಿಂತ ಮೂರು ಪಟ್ಟು ಎಂದಿತು. ಈ "ಮೂರು ಪಟ್ಟು" ಇವತ್ತಿಗೂ ಪ್ರತಿ ಜಾಹೀರಾತಿನಲ್ಲಿ ಕುಣಿಯುತ್ತಿದೆ. ಹೇಳದೆ ಬಿಡುವುದು ಎರಡು ಸಂಗತಿ. ಒಂದು, ಆ ಶಕ್ತಿ ಅಳೆದದ್ದು ಗಾಜಿನ ನಳಿಕೆಯಲ್ಲಿ, ಮನುಷ್ಯರಲ್ಲಲ್ಲ. ಎರಡು, ಕಾಳು ಬಿಡಿಸಿ ಹಿಂಡಿದ ರಸಕ್ಕಿಂತ ಹಣ್ಣನ್ನು ಸಿಪ್ಪೆ ಸಮೇತ ಹಿಂಡಿದ ಫ್ಯಾಕ್ಟರಿ ರಸದಲ್ಲೇ ಅದು ಹೆಚ್ಚು ಇತ್ತು, ಯಾಕೆಂದರೆ ಪ್ಯುನಿಕಾಲಜಿನ್ ಎಂಬ ಮುಖ್ಯ ವಸ್ತು ಇರುವುದು ಸಿಪ್ಪೆಯಲ್ಲಿ. ಭೇದಿಯಾದಾಗ ದಾಳಿಂಬೆ ಸಿಪ್ಪೆ ಕುದಿಸಿ ಕುಡಿಸುವ ಮನೆಮದ್ದಿನ ಒಗರೂ ಇದೇ ಟ್ಯಾನಿನ್ ಕುಟುಂಬದ್ದು. ಆಯುರ್ವೇದದಲ್ಲೂ ದಾಡಿಮಾಷ್ಟಕ ಚೂರ್ಣ ಹೊಟ್ಟೆಯ ತೊಂದರೆಗೇ. ಪ್ಯುನಿಕಾಲಜಿನ್ ಹಾಗೇ ರಕ್ತಕ್ಕೆ ಇಳಿಯುವುದೂ ಇಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಯುರೊಲಿಥಿನ್ ಎಂಬ ಬೇರೆ ವಸ್ತು ಮಾಡುತ್ತವೆ, ಅದೂ ಎಲ್ಲರ ಕರುಳಿನಲ್ಲಿ ಒಂದೇ ಸಮ ಆಗುವುದಿಲ್ಲ. ನಳಿಕೆಯಲ್ಲಿ ಅಳೆದದ್ದು ಒಂದು, ರಕ್ತಕ್ಕೆ ಸೇರುವುದು ಇನ್ನೊಂದು.

ಅಮೆರಿಕದಲ್ಲಿ ಪಾಮ್ ವಂಡರ್‌ಫುಲ್ ಎಂಬ ಕಂಪನಿ ತನ್ನ ದಾಳಿಂಬೆ ರಸ ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಒಳ್ಳೆಯದು ಎಂದು ಜಾಹೀರಾತು ಕೊಟ್ಟಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಕೇಸು ಹಾಕಿತು. ಇಂಥ ಜಾಹೀರಾತು ಜನರನ್ನು ತಪ್ಪುದಾರಿಗೆ ಎಳೆಯುತ್ತದೆ ಎಂದು 2013ರಲ್ಲಿ ಕಮಿಷನ್ ತೀರ್ಮಾನಿಸಿತು, 2015ರಲ್ಲಿ ಮೇಲಿನ ಕೋರ್ಟು ಆ ತೀರ್ಮಾನವನ್ನು ಬಹುಪಾಲು ಎತ್ತಿಹಿಡಿಯಿತು. ಇನ್ನು ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಗೆ "ಒರಾಕ್" ಎಂಬ ಅಂಕ ಕೊಟ್ಟು ಪಟ್ಟಿ ಮಾಡಿದ್ದ ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಆ ಪಟ್ಟಿಯನ್ನು ತನ್ನ ತಾಣದಿಂದ ತೆಗೆದುಹಾಕಿತು. ಆ ಅಂಕಕ್ಕೂ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ತೋರಿಸಲಾಗದು, ಕಂಪನಿಗಳು ಅದನ್ನು ದುರುಪಯೋಗ ಮಾಡಿಕೊಳ್ಳುತ್ತಿವೆ ಎಂದು ಕಾರಣ ಕೊಟ್ಟಿತು. ನಮ್ಮಲ್ಲಿ ಡಬ್ಬಿಗಳ ಮೇಲೆ ಒರಾಕ್ ಅಂಕ ಕಂಡರೆ ಇದನ್ನು ನೆನಪಿಡಿ.

ಜಗತ್ತು ದಾಳಿಂಬೆಯನ್ನು ಅಮೃತ ಎಂದು ಕೊಂಡಾಡುತ್ತಿದ್ದ ಅದೇ ವರ್ಷಗಳಲ್ಲಿ ನಮ್ಮ ಕಡೆಯ ದಾಳಿಂಬೆಗೆ ಏನಾಗಿತ್ತು ಗೊತ್ತೇ? 2000ದ ದಶಕದಲ್ಲಿ ಕೊಪ್ಪಳ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತೋಟಗಳಿಗೆ ದುಂಡಾಣು ಅಂಗಮಾರಿ ರೋಗ ಅಮರಿಕೊಂಡಿತು. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ, ಆಮೇಲೆ ಕಾಯಿ ಮೇಲೆ ಕಪ್ಪು ಕಲೆ, ಕೊನೆಗೆ ಕಾಯಿ ಸೀಳು. ತಾಮ್ರದ ಔಷಧಿ, ಜೊತೆಗೆ ಆಂಟಿಬಯೋಟಿಕ್, ಎಲ್ಲ ಹೊಡೆದರು. ಸಾಲ ಮಾಡಿ ಬೆಳೆಸಿದ ಗಿಡಗಳನ್ನು ಎಷ್ಟೋ ರೈತರು ತಾವೇ ಕಿತ್ತುಹಾಕಿದರು. ಹಣ್ಣಿನ ತುಂಬ ಆಂಟಿಆಕ್ಸಿಡೆಂಟ್ ಇದ್ದರೂ ಆ ಹಣ್ಣನ್ನೇ ರೋಗದಿಂದ ಕಾಯಲು ಅದರ ಕೈಲಿ ಆಗಲಿಲ್ಲ. ಬೆಳೆದವನ ಮನೆಗೆ ಸಾಲ ಬಂತು, ಸಾವಿರಾರು ರೂಪಾಯಿಯ ಡಬ್ಬಿ ಇನ್ಯಾರದೋ ಮನೆಗೆ ಲಾಭ ತಂದಿತು.

ಬೀಡಿ ಸೇದುವವರು ಇದನ್ನು ಓದಲೇಬೇಕು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಕಾಕಾ ಒಂದು ಡಬ್ಬಿ ತಂದು ತೋರಿಸಿದರು. ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಯಾವ ಕಂಪನಿ ಅನ್ನುವುದು ಬೇಡ, ಇಂಥವು ಬಹಳ ಇವೆ. ಕಾಕಾನಿಗೆ ಸಕ್ಕರೆ ಕಾಯಿಲೆ ಇದೆ, ಮೂವತ್ತು ವರ್ಷದಿಂದ ಬೀಡಿ ಇದೆ.

"ತಮ್ಮಾ, ಇದು ಪೂರ್ತಿ ನ್ಯಾಚುರಲ್ ಐತಿ. ಬೀಡಿ ಸೇದಿದ್ದೆಲ್ಲಾ ತೊಳದು ಹೊರಗ ಹಾಕತೈತಂತ. ಸಕ್ಕರಿ ಗುಳಿಗಿನೂ ಅರ್ಧಕ್ಕ ಇಳಿಸಬಹುದು ಅಂದಾನ ಅಂವ" ಅಂದರು.

"ಕಾಕಾ, ಡಾಕ್ಟರ್ರನ್ನ ಕೇಳದ ಸಕ್ಕರಿ ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಅಂದೆ. ಡಬ್ಬಿ ತಿರುಗಿಸಿ ನೋಡಿದರೆ ಪಟ್ಟಿಯಲ್ಲಿ ಬೀಟಾ ಕ್ಯಾರೋಟಿನ್ ಇತ್ತು.

ಬೀಟಾ ಕ್ಯಾರೋಟಿನ್ ಅಂದರೆ ಗಜ್ಜರಿಗೆ ಬಣ್ಣ ಕೊಡುವ ವಸ್ತು. ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರ ರಕ್ತದಲ್ಲಿ ಅದು ಹೆಚ್ಚು, ಅಂಥವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ವಿಜ್ಞಾನಿಗಳು ಗಮನಿಸಿದ್ದರು. ಹಾಗಾದರೆ ಅದನ್ನೇ ಗುಳಿಗೆ ಮಾಡಿ ಸಿಗರೇಟು ಸೇದುವವರಿಗೆ ಕೊಟ್ಟರೆ? ಒಳ್ಳೆಯ ಪ್ರಶ್ನೆ. ಫಿನ್ಲೆಂಡಿನಲ್ಲಿ 50ರಿಂದ 69 ವಯಸ್ಸಿನ, ಸಿಗರೇಟು ಸೇದುವ 29,133 ಗಂಡಸರನ್ನು ಗುಂಪು ಮಾಡಿ ವರ್ಷಾನುಗಟ್ಟಲೆ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿಬಿದ್ದರು. ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು!

ಅಮೆರಿಕದಲ್ಲಿ ಸಿಗರೇಟು ಸೇದುವವರು, ಸೇದಿ ಬಿಟ್ಟವರು ಮತ್ತು ಆಸ್‌ಬೆಸ್ಟಾಸ್ ಕೆಲಸಗಾರರು ಸೇರಿ 18,314 ಜನರ ಮೇಲೆ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು, ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ. ಅದನ್ನು 1996ರ ಜನವರಿಯಲ್ಲಿ ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 28, ಸಾವು ಶೇಕಡಾ 17 ಹೆಚ್ಚಿತ್ತು. ಅದೇ ವರ್ಷ ಪ್ರಕಟವಾದ, 22,071 ಅಮೆರಿಕನ್ ವೈದ್ಯರ ಮೇಲೆ 12 ವರ್ಷ ನಡೆದ ಪರೀಕ್ಷೆಯಲ್ಲಿ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಅವರಲ್ಲಿ ಬಹುತೇಕರು ಸಿಗರೇಟು ಸೇದದವರು. ಅಂದರೆ ಯಾರಿಗೆ ಇದು ಹೆಚ್ಚು ಬೇಕು ಎಂದು ಮಾರುತ್ತಾರೋ ಅವರಿಗೇ ಇದು ಹೆಚ್ಚು ಅಪಾಯ.

ಆಮೇಲೆ ವಿಟಮಿನ್ ಇ ಸರದಿ. 35,533 ಗಂಡಸರ ಮೇಲೆ ನಡೆದ ಪರೀಕ್ಷೆಯ 2011ರ ವರದಿಯಲ್ಲಿ, ವಿಟಮಿನ್ ಇ ಗುಳಿಗೆ ತಿಂದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17 ಹೆಚ್ಚು. 2012ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ 78 ಪರೀಕ್ಷೆಗಳನ್ನು, ಒಟ್ಟು 2,96,707 ಜನರ ಲೆಕ್ಕವನ್ನು, ಒಟ್ಟಿಗೆ ಹಾಕಿ ನೋಡಿತು. ಆಂಟಿಆಕ್ಸಿಡೆಂಟ್ ಗುಳಿಗೆಯಿಂದ ಆಯುಷ್ಯ ಹೆಚ್ಚುವುದಕ್ಕೆ ಪುರಾವೆ ಇಲ್ಲ, ಬೀಟಾ ಕ್ಯಾರೋಟಿನ್ ಮತ್ತು ವಿಟಮಿನ್ ಇ ಸಾವನ್ನು ಸ್ವಲ್ಪ ಹೆಚ್ಚಿಸುವಂತೆಯೇ ಕಾಣುತ್ತದೆ ಎಂದಿತು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ವಯಸ್ಸಾದ ಮೇಲೆ ಅಕ್ಷಿಪಟಲ ಸವೆಯುವ ಒಂದು ಕಣ್ಣಿನ ಕಾಯಿಲೆಯಲ್ಲಿ ವಿಟಮಿನ್ ಸಿ, ಇ, ಬೀಟಾ ಕ್ಯಾರೋಟಿನ್ ಮತ್ತು ಸತುವಿನ ಮಿಶ್ರಣ ಕಾಯಿಲೆ ಮುಂದುವರಿಯುವುದನ್ನು ತಗ್ಗಿಸುತ್ತದೆ ಎಂದು 2001ರಲ್ಲಿ ಗೊತ್ತಾಯಿತು. 2013ರ ಎರಡನೇ ಪರೀಕ್ಷೆಯ ನಂತರ ಅದರಲ್ಲೂ ಬೀಟಾ ಕ್ಯಾರೋಟಿನ್ ತೆಗೆದು ಲ್ಯೂಟಿನ್ ಹಾಕಿದರು. ಅದನ್ನು ಕಣ್ಣಿನ ಡಾಕ್ಟರು ಬರೆದುಕೊಡುತ್ತಾರೆ, ಪಕ್ಕದ ಮನೆಯ ಏಜೆಂಟ್ ಅಲ್ಲ.

ಕಳ್ಳನೂ ಕಾವಲುಗಾರನೂ ಒಬ್ಬನೇ ಆದರೆ?

ಹೀಗೆ ಯಾಕಾಯಿತು? ದೇಹ ಎಣ್ಣೆ ಡಬ್ಬಿಯಲ್ಲ, ಅದಕ್ಕೆ. ಎಣ್ಣೆ ಡಬ್ಬಿಯಲ್ಲಿ ಫ್ರೀ ರ‍್ಯಾಡಿಕಲ್‌ಗೆ ಕೆಡಿಸುವುದು ಬಿಟ್ಟು ಬೇರೆ ಕೆಲಸವಿಲ್ಲ. ದೇಹದಲ್ಲಿ ಇದೆ. ನಮ್ಮ ಬಿಳಿ ರಕ್ತಕಣಗಳು ರೋಗಾಣು ನುಂಗಿದ ಮೇಲೆ ಅದನ್ನು ಕೊಲ್ಲುವುದು ತಾವೇ ತಯಾರಿಸಿದ ಇಂಥ ರ‍್ಯಾಡಿಕಲ್‌ಗಳಿಂದ. ಅದನ್ನು ತಯಾರಿಸಲಾಗದ ಜನ್ಮಜಾತ ಕಾಯಿಲೆಯಿರುವ ಮಕ್ಕಳು ಪದೇ ಪದೇ ಸೋಂಕಿಗೆ ತುತ್ತಾಗುತ್ತಾರೆ. ಇನ್ನು ವ್ಯಾಯಾಮ. 2009ರ ಒಂದು ಜರ್ಮನ್ ಅಧ್ಯಯನದಲ್ಲಿ ವ್ಯಾಯಾಮ ಮಾಡುವ ಯುವಕರಿಗೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬೇಕಿತ್ತಲ್ಲ, ಗುಳಿಗೆ ತಿಂದವರಲ್ಲಿ ಆ ಲಾಭವೇ ಕಾಣದಾಯಿತು. ಬೆವರು ಸುರಿಸುವಾಗ ಹುಟ್ಟುವ ಸ್ವಲ್ಪ ರ‍್ಯಾಡಿಕಲ್‌ಗಳೇ ದೇಹಕ್ಕೆ "ಗಟ್ಟಿಯಾಗು" ಎಂದು ಹೇಳುವ ಸಂದೇಶ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೋಗ್ರಾಮಿನಲ್ಲಿ ಬರುವ ಎರರ್ ಮೆಸೇಜ್‌ಗಳನ್ನೆಲ್ಲ ಅಳಿಸಿಹಾಕಿದರೆ ಪರದೆ ಸ್ವಚ್ಛವಾಗಿ ಕಾಣುತ್ತದೆ, ಪ್ರೋಗ್ರಾಮ್ ಸರಿಯಾಗುವುದಿಲ್ಲ.

ಹಾಗಾದರೆ ಹಣ್ಣು ತರಕಾರಿ ತಿಂದವರು ಆರೋಗ್ಯವಾಗಿದ್ದದ್ದು ಸುಳ್ಳೇ? ಅಲ್ಲ. ಒಂದು ಹಣ್ಣಿನಲ್ಲಿ ನೂರಾರು ವಸ್ತುಗಳಿವೆ, ನಾರಿದೆ. ಹಣ್ಣು ತಿನ್ನುವವನು ಆ ಹೊತ್ತಿಗೆ ಮಿರ್ಚಿ ಭಜಿ ತಿನ್ನುತ್ತಿಲ್ಲ ಎಂಬುದೂ ಇದೆ :) ಅದರಲ್ಲಿ ಒಂದು ಅಣುವನ್ನು ಆರಿಸಿ ಹತ್ತಾರು ಪಟ್ಟು ಕೊಟ್ಟರೆ ಅದು ಹಣ್ಣಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ 2016ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪೂರಕ ಆಹಾರದ ಡಬ್ಬಿಯ ಮೇಲೆ "ಔಷಧೀಯ ಬಳಕೆಗೆ ಅಲ್ಲ" ಎಂಬರ್ಥದ ಮಾತು ಇಂಗ್ಲಿಷಿನಲ್ಲಿ ಎದ್ದು ಕಾಣುವಂತೆ ಇರಬೇಕು. ನಮ್ಮ ಕಾಕಾನ ಡಬ್ಬಿಯ ಮೇಲೂ ಇತ್ತು. ಇಂಗ್ಲಿಷ್ ಬಾರದ ಮನುಷ್ಯನಿಗೆ ಮಾರುವಾಗ ಬಾಯಲ್ಲಿ ಔಷಧಿ, ಡಬ್ಬಿಯಲ್ಲಿ ಔಷಧಿಯಲ್ಲ! ಚೈನ್ ಮೂಲಕ ಮಾರುವವರಿಗೆ 2021ರಲ್ಲಿ ನೇರ ಮಾರಾಟದ ನಿಯಮಗಳು ಬಂದಿವೆ, ಜನರನ್ನು ಸೇರಿಸಿ ದುಡ್ಡು ಮಾಡುವ ಪಿರಮಿಡ್ ಪದ್ಧತಿಗೆ ಅದರಲ್ಲಿ ಅವಕಾಶವಿಲ್ಲ. ಮೊದಲು ಮಾಡಬೇಕಾದ ಕೆಲಸ ಇಷ್ಟೆ: ನಿಮ್ಮ ಮನೆಯ ಹಿರಿಯರಿಗೆ ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿ.

ನಮಗೆ ಕೊರತೆ ಇರುವುದು ಯಾವುದರದು?

2021ರ ಡಿಸೆಂಬರ್‌ನಲ್ಲಿ ಸರ್ಕಾರ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿತು. ಯಾಕೆ ಈ ಜಿಲ್ಲೆಗಳಿಗೇ ಮೊದಲು? ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು. ಆಗ ವಿರೋಧ ಎದ್ದಾಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಮೊಟ್ಟೆ ಬೇಕೇ ಬೇಕು ಎಂದು ಗಟ್ಟಿಯಾಗಿ ಮಾತಾಡಿದ್ದನ್ನು ರಾಜ್ಯವೇ ನೋಡಿತು. ನಮ್ಮ ಸೀಮೆಗೆ ಕೊರತೆ ಇರುವುದು ಪ್ರೋಟೀನಿನದು, ಕಬ್ಬಿಣದ್ದು. ಆಂಟಿಆಕ್ಸಿಡೆಂಟಿನ ಕೊರತೆಯಿಂದ ನಮ್ಮ ಕಡೆ ಯಾರೂ ಸತ್ತಿಲ್ಲ.

ತಿಂಗಳಿಗೆ ಮೂರು ಸಾವಿರ ರೂಪಾಯಿ ಅಂದರೆ ಒಂದು ಮನೆಯ ಮೊಟ್ಟೆ, ಹಾಲು, ಬೇಳೆ, ಹಣ್ಣು. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಜೋಳದ ರೊಟ್ಟಿ ಇರುವ ತಾಟಿನಲ್ಲಿ ಆಂಟಿಆಕ್ಸಿಡೆಂಟ್ ಬೇಕಾದಷ್ಟಿದೆ. ಮೆಂತ್ಯ ಪಲ್ಯದ ಮೇಲೆ ಅರ್ಧ ಲಿಂಬಿಹಣ್ಣು ಹಿಂಡಿಕೊಂಡರೆ ಅದರ ವಿಟಮಿನ್ ಸಿ ಸೊಪ್ಪಿನ ಕಬ್ಬಿಣ ದೇಹಕ್ಕೆ ಹತ್ತಲು ಸಹಾಯ ಮಾಡುತ್ತದೆ. ಇದು ಸಾಬೀತಾದ ಲಾಭ, ಖರ್ಚು ಐದು ರೂಪಾಯಿ. ದಾಳಿಂಬೆ ಸಿಕ್ಕಾಗ ಬಿಡಿಸಿ ತಿನ್ನಿ, ರುಚಿಗಾಗಿ ತಿನ್ನಿ, ಬೆಳೆದವನಿಗೆ ನಾಲ್ಕು ಕಾಸು ಸಿಗಲಿ. ಬೀಡಿ ಸೇದುವವರಿಗೆ ಇರುವ ಒಂದೇ ಆಂಟಿಆಕ್ಸಿಡೆಂಟ್ ಬೀಡಿ ಬಿಡುವುದು.

ಡೆನ್ಹಮ್ ಹರ್ಮನ್ 2014ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಊಹೆ ವಿಜ್ಞಾನಕ್ಕೆ ಒಳ್ಳೆಯದೇ ಮಾಡಿತು, ಅದನ್ನು ಪರೀಕ್ಷಿಸುತ್ತಾ ಹೋಗಿಯೇ ನಮಗೆ ಇಷ್ಟೆಲ್ಲ ಗೊತ್ತಾಗಿದ್ದು. ಊಹೆಯನ್ನು ಪರೀಕ್ಷೆಗೆ ಒಡ್ಡಿದವರು ಒಂದು ದಾರಿ ಹಿಡಿದರು, ಊಹೆಯನ್ನೇ ಡಬ್ಬಿಗೆ ತುಂಬಿದವರು ಇನ್ನೊಂದು.

ಕುಷ್ಟಗಿ, ಯಲಬುರ್ಗಾ ಕಡೆ ಅಂಗಮಾರಿ ಬಂದ ವರ್ಷಗಳಲ್ಲಿ ದಾಳಿಂಬೆ ಬೆಳೆದವರು ಯಾರಾದರೂ ಇದನ್ನು ಓದಿದರೆ ಆಗಿನ ಅನುಭವ ಬರೆದು ತಿಳಿಸಿ. ಆ ಕಥೆ ಇನ್ನೂ ಯಾರೂ ಸರಿಯಾಗಿ ಬರೆದಂತಿಲ್ಲ. ಮುಂದಿನ ಸಲ ಅದರ ಬಗ್ಗೆಯೇ ಬರೆಯುವ ಆಸೆ ಇದೆ.